2.8 ಕೆವಿಎ ಪೆಟ್ರೋಲ್ ಜನರೇಟರ್: ಗ್ರೈಂಡರ್‌ಗೆ ಧಾರಾಳ, ವೆಲ್ಡಿಂಗ್‌ಗೆ ಸಾಲದು

ವೆಲ್ಡಿಂಗ್‌ಗೆ ಅಂತ 2.8 ಕೆವಿಎ ಜನರೇಟರ್ ನೋಡುತ್ತಿರುವವರು ದುಡ್ಡು ಕೊಡುವ ಮೊದಲು ಇದನ್ನು ಓದಿ. ದಾವಣಗೆರೆಯಲ್ಲಿ ಯಾವ ಅಂಗಡಿಗೆ ಹೋದರೂ "ಸಣ್ಣ ಇನ್ವರ್ಟರ್ ವೆಲ್ಡಿಂಗ್ ಮಷೀನನ್ನೂ ಎಳೆಯುತ್ತೆ ಸರ್" ಅನ್ನುವ ಮಾತು ಕೇಳುತ್ತದೆ. ಎಳೆಯುವುದಿಲ್ಲ. ಲೆಕ್ಕ ಸರಳ: 12 ನಂಬರ್ ರಾಡ್‌ಗೆ, ಅಂದರೆ 2.5 ಎಂಎಂಗೆ, 75 ಆಂಪ್ಸ್ ಇಟ್ಟರೆ ಆರ್ಕ್‌ನಲ್ಲಿ (ಬೆಸುಗೆಯ ಕಿಡಿಯಲ್ಲಿ) ಸುಮಾರು 23 ವೋಲ್ಟ್ ಇರುತ್ತದೆ. ಗುಣಿಸಿದರೆ 1.7 ಕಿಲೋವ್ಯಾಟ್, ಮಷೀನ್ ಒಳಗಿನ ನಷ್ಟ ಸೇರಿದರೆ 2 ಕಿಲೋವ್ಯಾಟ್. ಸಾಮಾನ್ಯ ಇನ್ವರ್ಟರ್ ಮಷೀನುಗಳ ಪವರ್ ಫ್ಯಾಕ್ಟರ್ (ಎಳೆದ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7ರ ಆಸುಪಾಸು ಇರುವುದರಿಂದ ಜನರೇಟರ್ ಮೇಲೆ ಬೀಳುವ ಭಾರ 2.9 ಕೆವಿಎ. ಜನರೇಟರ್ ಫಲಕದ ಮೇಲಿರುವ ಗರಿಷ್ಠ ಅಂಕಿಗಿಂತಲೂ ಹೆಚ್ಚು! ಅದಕ್ಕಿಂತ ದಪ್ಪದ 10 ನಂಬರ್ ರಾಡ್ 110 ಆಂಪ್ಸ್ ಕೇಳುತ್ತದೆ, ಅದು 4.5 ಕೆವಿಎ ದಾಟುತ್ತದೆ. ಈ ಸೆಟ್‌ನಲ್ಲಿ ನೆಮ್ಮದಿಯಾಗಿ ಹಾಕಬಹುದಾದ್ದು 2 ಎಂಎಂ ರಾಡ್, 50 ಆಂಪ್ಸ್, ಅದೂ ತೆಳು ಬಾಕ್ಸ್ ಪೈಪಿಗೆ ಟ್ಯಾಕ್ (ಅಲ್ಲಲ್ಲಿ ಚುಕ್ಕಿ ಬೆಸುಗೆ) ಹಾಕುವಷ್ಟು. ಗೇಟು, ಗ್ರಿಲ್ಲು, ಶೆಡ್ಡಿನ ಕಂಬ ಬೆಸೆಯುವವರಿಗೆ 5 ಕೆವಿಎಗಿಂತ ಕೆಳಗೆ ಯಾವುದೂ ಬೇಡ.

ಸಿಟ್ಟು ಬರುವುದು ಫಲಕದ ವಿಷಯಕ್ಕೆ. ದೊಡ್ಡ ಅಕ್ಷರದ 2.8 ಗರಿಷ್ಠ ಅಂಕಿ, ಕೆಲವು ನಿಮಿಷಕ್ಕೆ ಮಾತ್ರ. ಸತತವಾಗಿ ಕೊಡುವುದು 2.5 ಕೆವಿಎ, ಅಂದರೆ 230 ವೋಲ್ಟ್‌ಗೆ ಸುಮಾರು 11 ಆಂಪ್ಸ್. ಅದರ ಮೇಲೆ ನಮ್ಮ ಊರಿನ ಎತ್ತರ. ಕಾರ್ಬುರೇಟರ್ ಎಂಜಿನ್ ಪ್ರತಿ 300 ಮೀಟರಿಗೆ ಶೇ. 3.5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ದಾವಣಗೆರೆ 600 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಹತ್ತಿರ. ಏಪ್ರಿಲ್ ಬಿಸಿಲನ್ನೂ ಸೇರಿಸಿದರೆ ಹತ್ತಿರ ಹತ್ತಿರ ಶೇ. 10 ಹೋಯಿತು ಅಂತಲೇ ಇಟ್ಟುಕೊಳ್ಳಿ. ಈ ಮಾತನ್ನು ಅಂಗಡಿಯಲ್ಲಿ ಯಾರೂ ತೆಗೆಯುವುದಿಲ್ಲ.

ವೆಲ್ಡಿಂಗ್ ಒಂದನ್ನು ಪಕ್ಕಕ್ಕಿಟ್ಟರೆ, ಇಷ್ಟು ವರ್ಷ ಧೂಳಿನಲ್ಲಿ ದುಡಿದ ಮೇಲೂ ಇದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಕರೆಂಟ್ ಕಂಬ ಇನ್ನೂ ಬರದ ಹೊಸ ಲೇಔಟ್‌ಗಳಲ್ಲಿ, ಹೊಳಲ್ಕೆರೆ ಕಡೆಯ ತೋಟಗಳಲ್ಲಿ 4 ಇಂಚಿನ ಗ್ರೈಂಡರ್, 26 ಎಂಎಂ ಹ್ಯಾಮರ್ ಡ್ರಿಲ್, ಗ್ರಾನೈಟ್ ಕೊಯ್ಯುವ ಮಾರ್ಬಲ್ ಕಟ್ಟರ್, ಇವೆಲ್ಲ ಮನೆಯ ಪ್ಲಗ್ಗಿಗೆ ಹಾಕಿದಷ್ಟೇ ಸಲೀಸಾಗಿ ತಿರುಗುತ್ತವೆ. ಕಾರಣ ಇವುಗಳ ಕಾರ್ಬನ್ ಬ್ರಷ್ ಮೋಟರ್. 50 ಹರ್ಟ್ಸ್ 48ಕ್ಕೆ ಇಳಿದರೂ ಅದಕ್ಕೆ ಲೆಕ್ಕವಿಲ್ಲ, ವೋಲ್ಟೇಜ್ ಮಾತ್ರ ನಿಲ್ಲಬೇಕು. ಎವಿಆರ್ (ವೋಲ್ಟೇಜನ್ನು ತಾನೇ ಸರಿದೂಗಿಸುವ ಸಾಧನ) ಇರುವ ಸೆಟ್ ಅದನ್ನು ಚೆನ್ನಾಗಿ ನಿಲ್ಲಿಸುತ್ತದೆ. ಸ್ವಿಚ್ ಒತ್ತಿದ ಕ್ಷಣ ಇವು ಎರಡು ಮೂರು ಪಟ್ಟು ಎಳೆದರೂ ಅರ್ಧ ಸೆಕೆಂಡಿನಲ್ಲಿ ಇಳಿಯುತ್ತವೆ. 850 ವ್ಯಾಟಿನ ಗ್ರೈಂಡರ್ ಮತ್ತು 800 ವ್ಯಾಟಿನ ಡ್ರಿಲ್ ಒಟ್ಟಿಗೆ ಓಡುತ್ತವೆ, ಇಬ್ಬರೂ ಒಂದೇ ಕ್ಷಣಕ್ಕೆ ಸ್ವಿಚ್ ಒತ್ತಬಾರದು ಅಷ್ಟೇ. ಬ್ರಷ್ ಇಲ್ಲದ ಇಂಡಕ್ಷನ್ ಮೋಟರ್ ಕಥೆಯೇ ಬೇರೆ. 1 ಎಚ್‌ಪಿ ಸಿಂಗಲ್ ಫೇಸ್ ನೀರಿನ ಮೋಟರ್ ಓಡುವಾಗ 6 ಆಂಪ್ಸ್ ತಿಂದರೂ ಏಳುವಾಗ 30 ದಾಟುತ್ತದೆ. ಅದಕ್ಕೆ ಈ ಸೆಟ್ ನಂಬಬೇಡಿ.

ಕಬ್ಬಿಣ ಕೊಯ್ಯುವ 14 ಇಂಚಿನ ಕಟಾಫ್ ಮಷೀನ್ ಗಡಿಯ ಮೇಲೆ ನಿಲ್ಲುತ್ತದೆ. 2200 ವ್ಯಾಟ್, ಒಂಟಿಯಾಗಿದ್ದರೆ ಮಾತ್ರ. ಸಾಫ್ಟ್ ಸ್ಟಾರ್ಟ್ (ಮೆಲ್ಲಗೆ ವೇಗ ಹಿಡಿಯುವ ವ್ಯವಸ್ಥೆ) ಇರುವ ಮಾದರಿಯಾದರೆ ಎಂಜಿನ್ ಉಸಿರು ಕಟ್ಟುವುದಿಲ್ಲ. ಇಲ್ಲದ್ದಾದರೆ ಡಿಸ್ಕ್ ಪೂರ್ತಿ ವೇಗಕ್ಕೆ ಬರುವವರೆಗೆ ಕಬ್ಬಿಣಕ್ಕೆ ತಾಗಿಸಬೇಡಿ. ಒತ್ತಿದರೆ ವೋಲ್ಟೇಜ್ ಕುಸಿದು, ನಿಧಾನವಾದ ಮೋಟರ್ ಇನ್ನೂ ಹೆಚ್ಚು ಕರೆಂಟ್ ಎಳೆದು, ಬ್ರಷ್ಷೂ ಅದು ಉಜ್ಜುವ ತಾಮ್ರದ ಕಮ್ಯುಟೇಟರೂ ಸುಡುತ್ತವೆ. ಇನ್ನೊಂದು ಅಪಾಯ ಕಟ್ ಮುಗಿದಾಗ. ಅಷ್ಟು ಭಾರ ಒಮ್ಮೆಗೇ ಇಳಿದರೆ ಎಂಜಿನ್ ಜಿಗಿದು ವೋಲ್ಟೇಜ್ ಕ್ಷಣಕಾಲ ಮೇಲೇರುತ್ತದೆ. ಆ ಹೊತ್ತಿಗೆ ಅದೇ ಬೋರ್ಡಿನಲ್ಲಿ ಎಲ್‌ಇಡಿ ಲೈಟೋ ಮೊಬೈಲ್ ಚಾರ್ಜರೋ ಇದ್ದರೆ ಸುಟ್ಟಿತು.

ಪೆಟ್ರೋಲ್ ಉಳಿಯುವುದೂ ಈ ಮಷೀನ್ ಬಳಸುವ ಕ್ರಮದಲ್ಲೇ. ಎಂಜಿನ್ ಭಾರವಿರಲಿ ಬಿಡಲಿ 3000 ಆರ್‌ಪಿಎಂನಲ್ಲೇ ತಿರುಗುತ್ತಿರುತ್ತದೆ, ಖಾಲಿ ಓಡಿದರೂ ಪೆಟ್ರೋಲ್ ಸುರಿಯುತ್ತಿರುತ್ತದೆ. ಹಾಗಾಗಿ ಮೊದಲು ಎಲ್ಲ ಪೈಪಿಗೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ ಸಾಲಾಗಿ ಜೋಡಿಸಿ, ಆಮೇಲೆ ಜನರೇಟರ್ ಎಬ್ಬಿಸಿ, ಒಂದೇ ಉಸಿರಿಗೆ ಕೊಯ್ದು ನಿಲ್ಲಿಸಿ. ಅಳತೆ ಹಿಡಿಯುವ ಹೊತ್ತೆಲ್ಲ ಅದು ಗುಡುಗುತ್ತಾ ನಿಂತರೆ ದಿನಕ್ಕೆ ಎರಡು ಲೀಟರ್ ಸುಮ್ಮನೆ ಹೋಗುತ್ತದೆ.

ಬೆಳಗ್ಗೆ ಇದನ್ನು ಎಬ್ಬಿಸುವ ಕೆಲಸ ಖುಷಿ ಕೊಡುವಂಥದ್ದು. ಸಮ ನೆಲದ ಮೇಲಿಟ್ಟು ಡಿಪ್‌ಸ್ಟಿಕ್ ಒರೆಸಿ, ತಿರುಗಿಸದೆ ಸುಮ್ಮನೆ ಇಳಿಬಿಟ್ಟು ಆಯಿಲ್ ನೋಡಬೇಕು. ಒಟ್ಟು ಹಿಡಿಯುವುದೇ 0.6 ಲೀಟರ್, ನೂರು ಎಂಎಲ್ ಕಡಿಮೆಯಾದರೂ ಗೊತ್ತಾಗುತ್ತದೆ. ಪೆಟ್ರೋಲ್ ಕಾಕ್ ತೆರೆದು, ಚೋಕ್ ಎಳೆದು, ಹಗ್ಗವನ್ನು ನಿಧಾನಕ್ಕೆ ಬಿಗಿ ಸಿಗುವವರೆಗೆ ಎಳೆದು ಒಳಗೆ ಬಿಟ್ಟು, ಆಮೇಲೆ ಒಂದೇ ಸೆಳೆತ. ಚೋಕ್ ಮೆಲ್ಲಗೆ ಒಳಗೆ ಹಾಕಿ ಮೂರು ನಿಮಿಷ ಖಾಲಿ ಓಡಿಸಿ. ಸದ್ದು ಒಂದೇ ಸಮ ಆದಮೇಲೆ ಪ್ಲಗ್ ಹಾಕಿ. ಚಿತ್ರದುರ್ಗದ ಕಡೆ ಬಂಡೆ ಮೇಲಿನ ಸೈಟುಗಳಲ್ಲಿ ಓರೆ ನಿಲ್ಲಿಸಿದರೆ ಆಯಿಲ್ ತುಂಬಿದ್ದರೂ ಲೋ ಆಯಿಲ್ ಸ್ವಿಚ್ ಕಿಡಿ ಕತ್ತರಿಸಿ ಎಂಜಿನ್ ನಿಲ್ಲಿಸುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚುವ ಮೊದಲು ಅಡಿಯಲ್ಲೊಂದು ಹಲಗೆ ಕೊಟ್ಟು ನೋಡಿ.

ಸಂಜೆ ಭಾರ ತೆಗೆದು ಎರಡು ನಿಮಿಷ ಓಡಿಸಿ, ಸ್ವಿಚ್ ಆಫ್ ಮಾಡದೆ ಕಾಕ್ ಮುಚ್ಚಿ. ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಮುಗಿದು ತಾನೇ ನಿಲ್ಲಬೇಕು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಬಟ್ಟಲಲ್ಲಿ ನಿಂತರೆ ಅಂಟು ಕಟ್ಟಿ ಪೆಟ್ರೋಲ್ ಹೋಗುವ ಸಣ್ಣ ರಂಧ್ರದ ಪೈಲಟ್ ಜೆಟ್ ಮುಚ್ಚಿಹೋಗುತ್ತದೆ. ಆಗ ಎಂಜಿನ್ ಏರಿಳಿಯುತ್ತಾ, ಚೋಕ್ ಎಳೆದಿದ್ದರೆ ಮಾತ್ರ ಓಡುತ್ತದೆ. ಜೆಟ್ ಬಿಚ್ಚಿ ಕ್ಲೀನರ್ ಸ್ಪ್ರೇ ಹೊಡೆಯಿರಿ. ಪಿನ್ನು, ಸೂಜಿ ಹಾಕಿದರೆ ರಂಧ್ರ ದೊಡ್ಡದಾಗಿ ಪೆಟ್ರೋಲ್ ಖರ್ಚು ಕಾಯಂ ಏರುತ್ತದೆ. ವೈರಿನ ಒಂದು ಎಳೆ ತಾಮ್ರ ಸಾಕು.

ಆಯಿಲ್ ಮೊದಲು 20 ಗಂಟೆಗೆ, ನಂತರ 100 ಗಂಟೆಗೊಮ್ಮೆ ಬದಲಿಸಿ. ಸ್ಪಂಜಿನ ಏರ್ ಫಿಲ್ಟರ್‌ಗೆ ಪುಸ್ತಕದಲ್ಲಿ 50 ಗಂಟೆ ಅಂತಿರುತ್ತದೆ, ಗ್ರಾನೈಟ್ ಕೊಯ್ಯುವ ಜಾಗದಲ್ಲಿ ಅದು ವಾರ ತಡೆಯುವುದಿಲ್ಲ. ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ, ನಾಲ್ಕು ಹನಿ ಆಯಿಲ್ ಹಾಕಿ ಹಿಂಡಬೇಕು. ಗ್ರೈಂಡರಿನ ಕಬ್ಬಿಣದ ಪುಡಿ ಇನ್ನೂ ಕೆಟ್ಟದ್ದು. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ಗಾಳಿಕಿಂಡಿಯಿಂದ ಒಳಹೋಗಿ ಕಾಯಿಲ್ ಶಾರ್ಟ್ ಮಾಡುತ್ತದೆ. ಸೆಟ್ಟನ್ನು ಗಾಳಿ ಬರುವ ದಿಕ್ಕಿಗೆ, ಕೊಯ್ಯುವ ಜಾಗದಿಂದ ಐದಾರು ಮೀಟರ್ ದೂರ ಇಡಿ. ಕಿಡಿ ಪೆಟ್ರೋಲ್ ಟ್ಯಾಂಕಿಗೆ ಹಾರದಿರುವುದಕ್ಕೂ ಅಷ್ಟು ದೂರ ಬೇಕು.

ದೂರ ಇಟ್ಟಮೇಲೆ ವೈರ್ ಮುಖ್ಯ. 30 ಮೀಟರ್ ಉದ್ದದ 1 ಸ್ಕ್ವೇರ್ ಎಂಎಂ ವೈರಿನಲ್ಲಿ 10 ಆಂಪ್ಸ್ ಹರಿದರೆ 11 ವೋಲ್ಟ್‌ನಷ್ಟು ವೈರೇ ತಿನ್ನುತ್ತದೆ, 2.5 ಸ್ಕ್ವೇರ್ ಎಂಎಂ ತಾಮ್ರದಲ್ಲಿ ನಾಲ್ಕೂವರೆಗಿಂತ ಹೆಚ್ಚಿಲ್ಲ. ಸುರುಳಿ ಪೂರ್ತಿ ಬಿಚ್ಚಿ ಹಾಕಿ, ಸುತ್ತಿಟ್ಟ ವೈರ್ ಬಿಸಿಯಾಗಿ ಕರಗುತ್ತದೆ. ಮಳೆ ಬಂತು ಅಂತ ಸೆಟ್ಟನ್ನು ಕೋಣೆಯೊಳಗೆ ಎಳೆದುಕೊಂಡು ಓಡಿಸುವವರಿದ್ದಾರೆ. ದಯವಿಟ್ಟು ಬೇಡ, ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಕಿಟಕಿ ತೆರೆದಿದ್ದರೂ ಪ್ರಾಣ ತೆಗೆಯುತ್ತದೆ. ಜನರೇಟರ್ ಕರೆಂಟನ್ನು ಮನೆಯ ಸಾಕೆಟ್ಟಿಗೆ ಹಿಮ್ಮುಖವಾಗಿ ಪ್ಲಗ್ ಹಾಕಿ ಕೊಡುವುದೂ ಅಷ್ಟೇ ಘೋರ. ಆ ಕರೆಂಟು ಬೀದಿಯ ಲೈನಿಗೆ ಹರಿದು, ಟ್ರಾನ್ಸ್‌ಫಾರ್ಮರ್ ಅದನ್ನು 11 ಸಾವಿರ ವೋಲ್ಟ್‌ಗೆ ಏರಿಸಿದರೆ ಕಂಬದ ಮೇಲಿರುವ ಬೆಸ್ಕಾಂ ಲೈನ್‌ಮ್ಯಾನ್ ಗತಿ ಏನು?

5 ಕೆವಿಎ ಸೆಟ್ಟಿನ ತೂಕ ಇದರ ಎರಡರಷ್ಟು, ಬೆಲೆಯೂ ಬಹಳ ಮೇಲೆ. 45 ಕೆಜಿಯೊಳಗಿನ ಇದನ್ನು ಇಬ್ಬರು ಎತ್ತಿ ಲಗೇಜ್ ಆಟೋಗೆ ಹಾಕಬಹುದು. ಐವತ್ತು ಸಾವಿರದೊಳಗೆ, ಕೊಯ್ಯುವ ಕೊರೆಯುವ ಕೆಲಸಕ್ಕೆ ಮಾತ್ರ ಬೇಕಿದ್ದರೆ ಧೈರ್ಯವಾಗಿ ತಗೊಳ್ಳಿ. ಅಂಗಡಿಗೆ ಹೋಗುವಾಗ ನಿಮ್ಮದೇ ಕಟಾಫ್ ಮಷೀನು, ಒಂದು ಆಂಗಲ್ ತುಂಡು, ಮಲ್ಟಿಮೀಟರ್ ಒಯ್ಯಿರಿ. ಖಾಲಿ ಓಡುವಾಗ 230ರ ಆಸುಪಾಸು ಇರಬೇಕು, ಆಂಗಲ್ ಕೊಯ್ಯುತ್ತಿರುವಾಗ 210ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಆ ಸೆಟ್ ಬೇಡ. ಹೀಗೆ ಓಡಿಸಿ ತೋರಿಸಲು ಒಪ್ಪದ ಅಂಗಡಿಯಲ್ಲಿ ವ್ಯಾಪಾರವೂ ಬೇಡ.