ನೀರಂಚು, ಮರದಡಿ, ಗುಡ್ಡದ ನೆತ್ತಿ: ಒಂದೇ ಜಲಾಶಯದಲ್ಲಿ ಮೂರು ರಾತ್ರಿ

ಜಲಾಶಯದ ಉದ್ಯಾನಕ್ಕೆ ಟೆಂಟ್ ಹೊತ್ತು ಹೋದವರು ಮೊದಲು ಓಡುವುದು ನೀರಿನ ಅಂಚಿಗೆ. ನಾನೂ ಹಿಂದೆಲ್ಲ ಹಾಗೆಯೇ ಓಡಿದವನು. ಈ ಸಲ ತಂಗಿಯ ಜೊತೆ ಮೂರು ರಾತ್ರಿ ಉಳಿಯುವುದಿತ್ತು. ರಾತ್ರಿಗೊಂದು ಜಾಗದಲ್ಲಿ ಮಲಗಿ ನೋಡಿಯೇ ಬಿಡೋಣ ಎಂದು ಇಬ್ಬರೂ ಪಣ ತೊಟ್ಟೆವು. ಅದೇ ಟೆಂಟ್, ಅದೇ ಚಾಪೆ, ಅದೇ ಸ್ಲೀಪಿಂಗ್ ಬ್ಯಾಗ್; ಮೂರೂ ರಾತ್ರಿ ಮೋಡವಿಲ್ಲದ ಆಕಾಶ.

ಮೊದಲ ರಾತ್ರಿ ನೀರಂಚು. ತೊರೆಯೊಂದು ಬಂದು ಹಿನ್ನೀರಿಗೆ ಸೇರುವ ಮೂಲೆಯಲ್ಲಿ, ಹಾಸಿಟ್ಟಂತೆ ಮಟ್ಟಸವಾದ ಜಾಗ ಸಿಕ್ಕಿತು. ಇಷ್ಟು ಒಳ್ಳೆಯ ಜಾಗದಲ್ಲಿ ಹುಲ್ಲೇಕೆ ಬೆಳೆದಿಲ್ಲ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಜಲಾಶಯದ ಮಟ್ಟ ಒಳಹರಿವು ಮತ್ತು ಹೊರಹರಿವಿನ ಲೆಕ್ಕದಲ್ಲಿ ಏರಿಳಿಯುತ್ತಲೇ ಇರುತ್ತದೆ. ನೀರು ತುಂಬಿದಾಗ ಮುಳುಗಿ, ಇಳಿದಾಗ ಬಯಲಾಗುವ ಆ ಬೋಳು ಪಟ್ಟಿ ನಿಜವಾಗಿ ದಡವಲ್ಲ, ಜಲಾಶಯದ ತಳ. ಇಳಿಜಾರಿನಲ್ಲಿ ಮೆಟ್ಟಿಲಿನಂತೆ ಒಂದರ ಮೇಲೊಂದು ಗೆರೆ, ಗೆರೆಗೆ ಅಂಟಿದ ಕಡ್ಡಿಕಸ, ಎಲ್ಲವೂ ಕಣ್ಣೆದುರೇ ಇತ್ತು. ನಾವು ನೋಡಿದ್ದು ಸೂರ್ಯಾಸ್ತವನ್ನು ಮಾತ್ರ.

ಗೂಟ ಹೊಡೆಯುವಾಗ ಸುತ್ತಿಗೆಯೇ ಬೇಕಾಗಲಿಲ್ಲ. ಮೇಲೆ ಬಿರುಕು ಬಿಟ್ಟ ಒಣ ಮಣ್ಣಿನ ಪದರ, ಅದರ ಕೆಳಗೆ ಕಲಸಿಟ್ಟಂಥ ಹೂಳು. ಅಂಗೈಯಿಂದ ಒತ್ತಿದರೆ ಇಳಿಯಿತು. ಹಗ್ಗ ಬಿಗಿದ ಕೂಡಲೇ ಬೂದು ಮಣ್ಣಿನ ಮುದ್ದೆ ಕಚ್ಚಿಕೊಂಡು ಹಾಗೆಯೇ ಎದ್ದು ಬಂತು. ಮಲಗುವ ಮುನ್ನ ನೀರಿನ ಗಡಿಗೆ ಒಂದು ಕಡ್ಡಿ ನೆಟ್ಟಿದ್ದೆ. ಬೆಳಿಗ್ಗೆ ಅದು ಗೇಣುದ್ದ ನೀರಿನಲ್ಲಿ ನಿಂತಿತ್ತು. ನಮ್ಮಲ್ಲಿ ಹನಿ ಮಳೆಯಿಲ್ಲ, ಮೇಲೆಲ್ಲೋ ಸುರಿದಿರಬೇಕು. ಗೇಣು ಎಂದರೆ ಕಡಿಮೆಯೇನಲ್ಲ. ಇಪ್ಪತ್ತು ಮೀಟರ್ ನಡೆದರೆ ಒಂದು ಮೀಟರ್ ಏರುವಂಥ ದಂಡೆಯಲ್ಲಿ ನೀರು 20 ಸೆಂ.ಮೀ. ಹೆಚ್ಚಿದರೆ ಅಂಚು 4 ಮೀಟರ್ ಮುಂದೆ ಬರುತ್ತದೆ. ಟೆಂಟಿನ ಬಾಗಿಲಿಗೂ ನೀರಿಗೂ ಉಳಿದಿದ್ದು ಆರೇಳು ಹೆಜ್ಜೆ.

ಅದು ಸಾಲದೆಂಬಂತೆ ಚಳಿ ಬೇರೆ. ರಾತ್ರಿ ತಣಿದ ಗಾಳಿಗೆ ಭಾರ ಹೆಚ್ಚು. ಕಣಿವೆ ಹಿಡಿದು ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ನಾವು ಮಲಗಿದ್ದು ಸರಿಯಾಗಿ ಅದರ ದಾರಿಯಲ್ಲಿ. ಬೆಳಿಗ್ಗೆ ಟೆಂಟಿನ ಹೊರಹೊದಿಕೆ ಹಿಂಡುವಷ್ಟು ಒದ್ದೆಯಾಗಿತ್ತು. ಇನ್ನೊಂದು ಕಿರಿಕಿರಿಯನ್ನು ನಾನು ಊಹಿಸಿಯೇ ಇರಲಿಲ್ಲ. ನೀರಿನ ಮೇಲಿನ ಗಾಳಿ ತಂಪಾಗಿದ್ದು ಅದರ ಮೇಲಿನ ಪದರ ಬೆಚ್ಚಗಿದ್ದರೆ ಸದ್ದು ಮೇಲೆ ಹೋಗದೆ ಕೆಳಕ್ಕೆ ಬಾಗಿ ದೂರ ಸಾಗುತ್ತದೆ. ಎದುರು ದಡದಲ್ಲಿ ಯಾರೋ ಇಬ್ಬರು ಟಾರ್ಚ್ ಎಲ್ಲಿಟ್ಟೆ ಎಂದು ನಡುರಾತ್ರಿಯವರೆಗೆ ಜಗಳವಾಡಿದ್ದು ನಮಗೆ ಅಕ್ಷರ ಬಿಡದೆ ಕೇಳಿಸಿತು. ಟಾರ್ಚ್ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

ಹಗಲಿನಲ್ಲಿ ಮಾತ್ರ ಆ ಜಾಗಕ್ಕೆ ಸಾಟಿಯಿಲ್ಲ. ನೀರಿನ ಕಡೆಯಿಂದ ತಂಗಾಳಿ, ಕಾಲು ಇಳಿಬಿಟ್ಟು ಕೂರಲು ಬಂಡೆ, ದೋಣಿ ಇಳಿಸಲು ಸಲೀಸು. ಆದರೆ ಮೇಲಿನಿಂದ ಧುಮುಕಬಾರದು. ಮುಳುಗಿದ ಮರಗಳ ಬೊಡ್ಡೆಗಳು ನೀರಿನೊಳಗೆ ಹಾಗೆಯೇ ಇರುತ್ತವೆ. ಹಸಿರು ಬಣ್ಣ ಚೆಲ್ಲಿದಂಥ ಪಾಚಿ ತೇಲುವಲ್ಲಿ ಈಜುವುದೂ ಬೇಡ, ಆ ನೀರನ್ನು ಕುಡಿಯುವುದೂ ಬೇಡ. ಕುದಿಸಿದರೆ ರೋಗಾಣು ಸಾಯುತ್ತವೆ, ಕೆಲವು ಪಾಚಿಗಳು ಬಿಡುವ ವಿಷ ಹೋಗುವುದಿಲ್ಲ.

ಎರಡನೆಯ ರಾತ್ರಿ ಇಳಿಜಾರಿನ ನಡುವಿನ ಮರದಡಿ. ನೀರಿನಿಂದ ಕನಿಷ್ಠ 60 ಮೀಟರ್ ದೂರ ಮಲಗಬೇಕೆಂಬ ಮಾತಿದೆ. ಇದು ಅದಕ್ಕಿಂತ ದೂರವೇ ಇತ್ತು. ತಲೆಯ ಮೇಲೆ ಒಣಗಿದ ಕೊಂಬೆ ತೂಗುತ್ತಿಲ್ಲವೇ ಎಂದು ಮೊದಲು ಕತ್ತೆತ್ತಿ ನೋಡಿದೆವು, ನೆಲ ನೋಡಿದ್ದು ಆಮೇಲೆ. ಬೇರುಗಳ ನಡುವೆ ಟೆಂಟಿಗೆ ಜಾಗ ಹೊಂದಿಸಲು ಅರ್ಧ ಗಂಟೆ ಹಿಡಿಯಿತು. ತಂಗಿ ಆ ಗೊಡವೆಯೇ ಬೇಡವೆಂದು ಜೋಲಿ ಕಟ್ಟಿಕೊಂಡಳು. ನಡುರಾತ್ರಿ ಬೆನ್ನು ಕೊರೆಯುತ್ತದೆ ಎಂದು ಎದ್ದಳು. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾದರೆ ಅದರಲ್ಲಿ ಬೆಚ್ಚಗಿಡುವ ಗಾಳಿ ಉಳಿಯುವುದಿಲ್ಲ. ಜೋಲಿಯೊಳಗೆ ಚಾಪೆ ಹಾಸಿಕೊಂಡ ಮೇಲೆ ಬೆಳಗಿನವರೆಗೆ ಮಿಸುಕಾಡಲಿಲ್ಲ.

ಟೆಂಟಿನ ಮೇಲೆ ಇಬ್ಬನಿ ಹೆಸರಿಗಷ್ಟೇ ಇತ್ತು. ಬಯಲಿನಲ್ಲಿ ಟೆಂಟಿನ ಬಿಸಿ ನೇರ ಆಕಾಶಕ್ಕೆ ಸೋರಿಹೋಗುತ್ತದೆ. ಇಲ್ಲಿ ಎಲೆಗಳ ಚಪ್ಪರ ಅದನ್ನು ತಡೆದಿತ್ತು. ಚೀಲಕ್ಕೆ ಸಿಕ್ಕಿಸಿದ್ದ ಪುಟ್ಟ ತಾಪಮಾಪಕ ಮುಂಜಾನೆ ಹಿಂದಿನ ದಿನಕ್ಕಿಂತ 3 ಡಿಗ್ರಿ ಹೆಚ್ಚು ತೋರಿಸಿತು. ರಾತ್ರಿಗೊಂದೇ ಅಳತೆ, ಪ್ರಯೋಗಾಲಯದವರು ಒಪ್ಪಲಿಕ್ಕಿಲ್ಲ. ನನ್ನ ಮೂಗಿನ ತುದಿ ಒಪ್ಪಿತು. ತೊಂದರೆಯೆಂದರೆ ಸೊಳ್ಳೆ ಮತ್ತು ನೀರು ಹೊರುವ ಕೆಲಸ. ಹತ್ತು ಲೀಟರಿನ ಕ್ಯಾನು ಹಿಡಿದು ಏರು ಹತ್ತುವಾಗ ತಂಗಿ ನೀರಂಚಿನ ಪರವಾಗಿ ಬಲವಾಗಿ ವಾದಿಸಿದಳು.

ಗುಡ್ಡದ ನೆತ್ತಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಅಲ್ಲಿ ನಕ್ಷತ್ರಗಳಿದ್ದವು, ನಿದ್ದೆ ಇರಲಿಲ್ಲ. ಬಂಡೆಗೆ ಗೂಟ ಇಳಿಯದೆ ಹಗ್ಗಗಳನ್ನು ಕಲ್ಲುಗುಂಡುಗಳಿಗೆ ಬಿಗಿದೆವು. ಬಟ್ಟೆ ರಾತ್ರಿಯಿಡೀ ಪಟಪಟ ಬಡಿಯಿತು. ಎತ್ತರಕ್ಕೆ ಹೋದಷ್ಟೂ ಚಳಿ ಎನ್ನುತ್ತಾರೆ, ಆದರೆ ಗಾಳಿಯ ತಾಪಮಾನ ಸರಾಸರಿ ಇಳಿಯುವುದು ಸಾವಿರ ಮೀಟರಿಗೆ 6.5 ಡಿಗ್ರಿ. ಸಣ್ಣ ಗುಡ್ಡಕ್ಕೆ ಅದು ಲೆಕ್ಕಕ್ಕಿಲ್ಲ. ನಮ್ಮನ್ನು ನಡುಗಿಸಿದ್ದು ಬೀಸುಗಾಳಿ. ಆ ಗಾಳಿಯಿಂದ ಟೆಂಟ್ ಒಣಗಿದ್ದೊಂದೇ ಲಾಭ. ಗುಡುಗಿನ ಸುಳಿವಿದ್ದರೂ ಅಲ್ಲಿಂದ ಇಳಿದುಬಿಡಬೇಕು, ಕೊನೆಯ ಗುಡುಗು ಕೇಳಿ 30 ನಿಮಿಷವಾಗುವವರೆಗೆ ಮತ್ತೆ ಹತ್ತಬಾರದು.

ಬೆಳಿಗ್ಗೆ ನೆತ್ತಿಯಿಂದ ಕೆಳಗೆ ನೋಡಿ ಮೊದಲ ರಾತ್ರಿಯ ಜಾಗ ಹುಡುಕಿದೆ, ಸಿಗಲಿಲ್ಲ. “ಅಣ್ಣಾ, ನಾವು ಮಲಗಿದ್ದು ಅಲ್ಲೇ” ಎಂದು ತಂಗಿ ಬೆರಳು ತೋರಿಸಿದ ಕಡೆ ಎರಡು ನೀರುಕೋಳಿಗಳು ಈಜುತ್ತಿದ್ದವು.