ನಾಸಾದ ನೆಕ್ಸ್-ಜಿಡಿಡಿಪಿ: ತಾಪಮಾನಕ್ಕೆ ಸೈ, ಮಲೆನಾಡಿನ ಮಳೆಗೆ ಹಾಗೇ ಬಳಸಬೇಡಿ

ಹವಾಮಾನ ಮಾಡೆಲ್‌ಗಳ ಲೆಕ್ಕವನ್ನು ತಿದ್ದಿ ಪುಕ್ಕಟೆ ಕೊಡುವ ಡೇಟಾಗಳಲ್ಲಿ ನಾಸಾದ ನೆಕ್ಸ್-ಜಿಡಿಡಿಪಿ-ಸಿಮಿಪ್6 ಹೆಚ್ಚು ಬಳಕೆಯಲ್ಲಿದೆ (ಸಿಮಿಪ್6 ಎಂದರೆ ಹಲವು ದೇಶಗಳ ಹವಾಮಾನ ಮಾಡೆಲ್‌ಗಳನ್ನು ಹೋಲಿಸುವ ಯೋಜನೆಯ ಆರನೇ ಹಂತ). 35 ಮಾಡೆಲ್, 0.25 ಡಿಗ್ರಿ ಗ್ರಿಡ್, 1950ರಿಂದ 2100ರವರೆಗಿನ ದಿನವಹಿ ಅಂಕಿಗಳು. ಫೈಲು ವರ್ಷಕ್ಕೊಂದು, ಅದೂ ಇಡೀ ಭೂಮಂಡಲದ್ದು. ಕರ್ನಾಟಕವಷ್ಟೇ ಸಾಕೆಂದರೆ ಡೇಟಾ ಇಳಿಸಿಕೊಳ್ಳುವ ಥ್ರೆಡ್ಸ್ ಸರ್ವರಿನಲ್ಲಿ ಅಕ್ಷಾಂಶ 11.5–18.5, ರೇಖಾಂಶ 74–78.6 ಕೊಟ್ಟು ಕತ್ತರಿಸಿಕೊಳ್ಳಿ.

ತಾಪಮಾನದ ಕೆಲಸ ಅಚ್ಚುಕಟ್ಟು. ಬಿಸಿಯೇರಿಕೆಯ ಟ್ರೆಂಡನ್ನು ಮೊದಲು ಬೇರ್ಪಡಿಸಿ, ಉಳಿದದ್ದಕ್ಕೆ ಕ್ವಾಂಟೈಲ್ ಮ್ಯಾಪಿಂಗ್ (ಅಂಕಿಗಳನ್ನು ಏರಿಕೆಯ ಕ್ರಮದಲ್ಲಿಟ್ಟು, ಮಾಡೆಲ್‌ನದನ್ನು ಅದೇ ಸ್ಥಾನದ ನೈಜ ಅಂಕಿಗೆ ಹೊಂದಿಸುವುದು) ಮಾಡಿ, ಟ್ರೆಂಡನ್ನು ಮತ್ತೆ ಕೂಡಿಸಿದ್ದಾರೆ. ತಿದ್ದುವ ಭರದಲ್ಲಿ ಏರಿಕೆಯೇ ಮಾಯವಾಗುವುದಿಲ್ಲ. ಗರಿಷ್ಠ, ಕನಿಷ್ಠ ಎರಡನ್ನೂ ಬೇರೆ ಬೇರೆ ತಿದ್ದಿರುವುದರಿಂದ, ಕನಿಷ್ಠವೇ ಮೇಲಾಗಿರುವ ದಿನಗಳಿವೆಯೇ ಎಂದು ಮಾತ್ರ ಸೋಸಿ ನೋಡಿ.

ಎಡವುವುದು ಮಳೆಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುವ ಮಳೆ ಸುಮಾರು 70 ಕಿ.ಮೀ. ಆಚೆಯ ಶಿವಮೊಗ್ಗದಲ್ಲಿ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಗ್ರಿಡ್ಡಿನ ಒಂದೊಂದು ಚೌಕವೇ 27 ಕಿ.ಮೀ. ಅಗಲ, ಘಟ್ಟದ ನೆತ್ತಿಯೂ ಬುಡವೂ ಒಂದರಲ್ಲೇ ಕಲಸಿಹೋಗುತ್ತವೆ. ಸಾಲದ್ದಕ್ಕೆ ಇಲ್ಲಿನ ತಿದ್ದುಪಡಿ ಪ್ರಿನ್ಸ್‌ಟನ್ನಿನ ಜಾಗತಿಕ ಡೇಟಾ ಜಿಎಂಎಫ್‌ಡಿಗೆ ಹೊಂದಿಸಿದ್ದು, ನಮ್ಮ ಮಳೆಮಾಪಕಗಳಿಗಲ್ಲ.

ಮಲೆನಾಡಿಗಾದರೆ ಮೂಲ ಸಿಮಿಪ್6 ಮಳೆಯನ್ನೇ ತೆಗೆದುಕೊಂಡು ಭಾರತೀಯ ಹವಾಮಾನ ಇಲಾಖೆಯ (ಐಎಂಡಿ) 0.25 ಡಿಗ್ರಿ ಗ್ರಿಡ್ಡಿಗೆ ಹೊಂದಿಸುವುದು ಲೇಸು. ತಿದ್ದುಪಡಿಯನ್ನು 1961–1990ರ ಅಂಕಿಗಳಿಂದ ಲೆಕ್ಕಹಾಕಿ, 1991–2014ರಲ್ಲಿ ಪರೀಕ್ಷಿಸಿ. ಮಾಡೆಲ್‌ಗಳಿಗೆ ದಿನಾ ತುಂತುರು ಸುರಿಸುವ ಚಾಳಿಯಿದೆ; ಆದ್ದರಿಂದ ಮಳೆದಿನಗಳ ಸಂಖ್ಯೆ ಐಎಂಡಿಗೆ ಸರಿಹೊಂದುವ ಮಿತಿ ಹುಡುಕಿ, ಅದರ ಕೆಳಗಿನದನ್ನೆಲ್ಲ ಸೊನ್ನೆ ಮಾಡಿ. ಆಮೇಲೆ ತಿಂಗಳುವಾರು ಕ್ವಾಂಟೈಲ್ ಅನುಪಾತ. ಉದಾಹರಣೆಗೆ, ಜುಲೈನ 95ನೇ ಪರ್ಸೆಂಟೈಲ್ ಮಾಡೆಲ್‌ನಲ್ಲಿ 28, ಐಎಂಡಿಯಲ್ಲಿ 42 ಮಿ.ಮೀ. ಇದ್ದರೆ ಅನುಪಾತ 1.5, ಮುಂದಿನ ದಶಕಗಳಲ್ಲಿ ಅದೇ ಸ್ಥಾನದ 34 ಮಿ.ಮೀ. 51 ಆಗುತ್ತದೆ. ಸೊನ್ನೆ ಮಾಡುವ ಹಂತ ಬಿಟ್ಟರೆ ಫೆಬ್ರುವರಿಯಲ್ಲಿ ಗ್ರಹಚಾರ: ಮಾಡೆಲ್‌ನ 0.02ಕ್ಕೆ ಎದುರಾಗಿ ಐಎಂಡಿಯ 0.4 ಬಂದು ಅನುಪಾತ 20ಕ್ಕೆ ಜಿಗಿಯುತ್ತದೆ.

ಇಷ್ಟಕ್ಕೆ ಪುರುಸೊತ್ತಿಲ್ಲದವರು ಐಐಟಿ ಗಾಂಧಿನಗರದ ದಕ್ಷಿಣ ಏಷ್ಯಾ ಡೇಟಾ ನೋಡಿ. ಗ್ರಿಡ್ ಇಷ್ಟೇ, ಆದರೆ ಭಾರತದ ಭಾಗವನ್ನು ಐಎಂಡಿಗೇ ಹೊಂದಿಸಿದ್ದಾರೆ. 13 ಮಾಡೆಲ್, ಮಳೆ, ಗರಿಷ್ಠ, ಕನಿಷ್ಠ ಬಿಟ್ಟರೆ ಬೇರೇನೂ ಸಿಗದು.

ನಾಸಾದ್ದನ್ನೇ ಬಳಸುವುದಾದರೆ ಸೆಕೆಂಡಿನ ಲೆಕ್ಕದಲ್ಲಿರುವ ಮಳೆಯನ್ನು ದಿನದ ಮಿ.ಮೀ.ಗೆ ತರಲು 86400ರಿಂದ ಗುಣಿಸಿ, ಕೆಲ್ವಿನ್‌ನಲ್ಲಿರುವ ತಾಪಮಾನದಲ್ಲಿ 273.15 ಕಳೆಯಿರಿ. ಮುಂಬಯಿಯಲ್ಲಿ 944 ಮಿ.ಮೀ. ಸುರಿದ 2005ರ ಜುಲೈ 26ನ್ನು ಮಾಡೆಲ್‌ನಲ್ಲಿ ಹುಡುಕಬೇಡಿ. ಅದರ ತಾರೀಖಿಗೂ ನಮ್ಮ ತಾರೀಖಿಗೂ ಸಂಬಂಧವಿಲ್ಲ. ಬ್ರಿಟಿಷರ ಯುಕೆಇಎಸ್‌ಎಂ ಮಾಡೆಲ್‌ಗೆ ವರ್ಷವೆಂದರೆ 360 ದಿನ. ಫೆಬ್ರುವರಿ 30 ಕಂಡರೆ ಹೌಹಾರಬೇಡಿ, ಕ್ಯಾಲೆಂಡರ್ ಬದಲಿಸಿಕೊಳ್ಳಿ.