ಶಾಫ್ಟ್ ಮುರಿಯಿತೆಂದು ಇಡೀ ಹಿಂದಿನ ಆಕ್ಸಲ್ ಬದಲಿಸುವ ಮುನ್ನ

ಆರು ಚಕ್ರದ ಲಾರಿ. ಹಿಂದಿನ ಚಕ್ರ ತಿರುಗಿಸುವ ಎಡಗಡೆ ಆಕ್ಸಲ್ ಶಾಫ್ಟ್ ಎರಡನೇ ಸಲ ಮುರಿದಿತ್ತು. 'ಹೆವಿ ಹೌಸಿಂಗ್ (ಆಕ್ಸಲಿನ ಹೊರಕವಚ) ಹಾಕಿಸಿಬಿಡಿ, ಲೋಡೂ ಜಾಸ್ತಿ ಎಳೆಯುತ್ತೆ' ಅಂತ ಗ್ಯಾರೇಜಿನವರು ಹೇಳಿದ್ದನ್ನು ನಂಬಿ ಮಾಲೀಕರು ಗುಜರಿಯಿಂದ ಗೇರ್ ಸಮೇತ ಪೂರಾ ಸೆಟ್ ತರಿಸಿ ಕೂರಿಸಿದರು. ಈಗ ಗಾಡಿ ಹೈವೇಯಲ್ಲಿ ಅರಚುತ್ತದೆ, ಡೀಸೆಲ್ ಕುಡಿಯುತ್ತದೆ.

ಕಾರಣ ಕ್ರೌನ್ ಪಿನಿಯನ್, ಅಂದರೆ ಆಕ್ಸಲಿನ ನಡುವೆ ಕೂತು ಇಂಜಿನ್ನಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ ಗೇರ್ ಜೋಡಿ. ಹಳೆಯದರ ಹಲ್ಲು 41/7, ಅಂದರೆ ಅನುಪಾತ 5.86. ತಂದದ್ದು 41/6, 6.83. ಅದೇ ವೇಗಕ್ಕೆ ಇಂಜಿನ್ ಶೇ. 17ರಷ್ಟು ಹೆಚ್ಚು ತಿರುಗಬೇಕು. ಸ್ಪೀಡ್ ಸಿಗ್ನಲ್ ಗೇರ್‌ಬಾಕ್ಸಿನಿಂದ ಬರುವ ಗಾಡಿಯಾದರೆ 80 ಕಿ.ಮೀ. ವೇಗಕ್ಕೆ ಕೂರಿಸಿದ ಗವರ್ನರ್ (ವೇಗ ಮಿತಿ ಸಾಧನ) 68–69ಕ್ಕೇ ಕಟ್ ಮಾಡುತ್ತದೆ. ಹಲ್ಲು ಎಣಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಅಸಲಿಗೆ ಆಕ್ಸಲ್ ಬದಲಿಸುವ ಅಗತ್ಯವೇ ಇರಲಿಲ್ಲ. ಮುರಿದ ಶಾಫ್ಟಿನ ಬಾಯಿ ನೋಡಿ: ಫ್ಲಾಂಜ್ (ಚಕ್ರದ ಹಬ್‌ಗೆ ಬೋಲ್ಟ್ ಮಾಡುವ ತಟ್ಟೆಯಂಥ ತುದಿ) ಹತ್ತಿರ ಚಪ್ಪಟೆಯಾಗಿ ಮುರಿದು, ಅಂಚಿನಿಂದ ಒಳಕ್ಕೆ ಕಮಾನು ಕಮಾನಾಗಿ ಗೆರೆ ಸಾಗಿದ್ದವು. ಇದು ಬಾಗಿ ಬಾಗಿ ದಣಿದ ಲೋಹ. ಇಂಥ ಲಾರಿಗಳಲ್ಲಿರುವ ಫುಲ್ ಫ್ಲೋಟಿಂಗ್ ಆಕ್ಸಲಿನಲ್ಲಿ ಭಾರ ಹೊರುವುದು ಹೌಸಿಂಗ್ ಮತ್ತು ಹಬ್ ಬೇರಿಂಗ್. ಶಾಫ್ಟಿನ ಕೆಲಸ ಚಕ್ರ ತಿರುಗಿಸುವುದಷ್ಟೇ. ಅದು ಬಾಗುತ್ತಿದೆ ಎಂದರೆ ಹಬ್ ಬೇರಿಂಗ್ ಸಡಿಲ, ಇಲ್ಲವೇ ಹೌಸಿಂಗ್ ಬೆಂಡ್. ಈ ಗಾಡಿಯಲ್ಲಿ ಜ್ಯಾಕ್ ಎತ್ತಿ ಚಕ್ರ ಅಲ್ಲಾಡಿಸಿದರೆ ಸಡಿಲಿನ ಆಟ ಕೈಗೇ ಸಿಗುತ್ತಿತ್ತು. ಬೇರಿಂಗ್, ಸೀಲ್, ಒಂದು ಶಾಫ್ಟಿಗೆ ಮುಗಿಯುವ ಕೆಲಸ. ಸ್ಪ್ಲೈನ್ (ಶಾಫ್ಟಿನ ಒಳತುದಿಯ ಉದ್ದ ಹಲ್ಲುಗಳು) ಹಗ್ಗದಂತೆ ತಿರುಚಿದ್ದರೆ ಲೆಕ್ಕ ಬೇರೆ: ಲೋಡಿನಲ್ಲಿ, ಕೆಸರಿನಲ್ಲಿ ಕ್ಲಚ್ ದಿಢೀರ್ ಬಿಟ್ಟದ್ದು.

ಹೌಸಿಂಗ್ ಬೆಂಡಾಗಿದ್ದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿ ಒಳಗಿನ ಟೈರ್ ಒಳ ಅಂಚಿನಲ್ಲಿ ಸವೆಯುತ್ತದೆ. ಸ್ಪ್ರಿಂಗ್ ಸೀಟಿನ (ಸ್ಪ್ರಿಂಗ್ ಕೂರುವ ಜಾಗದ) ಪಕ್ಕ ಬಿರುಕನ್ನೂ ಹುಡುಕಿ. ಇವೆರಡರಲ್ಲಿ ಒಂದಿದ್ದರೂ ಹೌಸಿಂಗ್ ಬದಲಿಸಿ. ಕಾಯಿಸಿ ನೆಟ್ಟಗೆ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಕಾಯಿಸಿದ ಜಾಗ ಮೆತ್ತಗಾಗಿ ಮತ್ತೆ ಬಾಗುತ್ತದೆ. ಗೇರಿನ ಹಲ್ಲು ಮಾತ್ರ ಹೋಗಿದ್ದರೆ ಕ್ರೌನ್ ಪಿನಿಯನ್ ಜೋಡಿಯಾಗೇ ಹಾಕಿ, ಎರಡರ ಮೇಲಿನ ಜೋಡಿ ನಂಬರ್ ಒಂದೇ ಇರಬೇಕು. ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದು) ಡಯಲ್ ಗೇಜಿನಲ್ಲೇ ನೋಡಬೇಕು, ಕೈಯಂದಾಜು ನಡೆಯದು. ಹೌಸಿಂಗ್ ತೊಳೆಯದೆ ಕೂರಿಸಿದರೆ ಹಳೆಯ ಲೋಹದ ಚೂರೇ ಹೊಸ ಬೇರಿಂಗ್ ತಿನ್ನುತ್ತದೆ.

ಸೆಕೆಂಡ್ ಹ್ಯಾಂಡ್ ಸೆಟ್ಟೇ ಬೇಕೆಂದರೆ ದುಡ್ಡು ಕೊಡುವ ಮೊದಲು ಸ್ಪ್ರಿಂಗ್ ಸೀಟಿನ ಅಂತರ, ಬ್ರೇಕ್ ಡ್ರಮ್ಮಿನ ವ್ಯಾಸ, ಬ್ರೇಕ್ ಲೈನರ್ ಅಗಲ, ಬ್ರೇಕ್ ಚೇಂಬರ್ ಸೈಜ್, ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಫ್ಲಾಂಜಿನ ಬೋಲ್ಟ್ ತೂತು ಅಳೆದುಕೊಳ್ಳಿ.

ಲೋಡಿನ ಆಸೆಯಂತೂ ಬಿಡಿ. ಕೇಂದ್ರ ಸರ್ಕಾರದ 2018ರ ಆಕ್ಸಲ್ ತೂಕ ಪರಿಷ್ಕರಣೆಯಂತೆ ನಾಲ್ಕು ಟೈರಿನ ಒಂಟಿ ಆಕ್ಸಲಿಗೆ 11.5 ಟನ್, ಎರಡು ಆಕ್ಸಲಿನ ಲಾರಿಗೆ ಒಟ್ಟು 18.5 ಟನ್ ಮಿತಿ. ಅದರೊಳಗೂ ನಿಮಗೆ ಲೆಕ್ಕ ಆರ್‌ಸಿಯಲ್ಲಿರುವ ತೂಕವೇ. ಆಕ್ಸಲ್ ದಪ್ಪವಾದರೆ ಆರ್‌ಸಿ ಬದಲಾಗದು. ಓವರ್‌ಲೋಡಿಗೆ ದಂಡ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000.

ಹಬ್ ಸೀಲ್ ಪದೇ ಪದೇ ಸೋರುತ್ತಿದ್ದರೆ ಮೊದಲು ಹೌಸಿಂಗಿನ ಮೇಲಿನ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಸಣ್ಣ ಕಿಂಡಿ) ಬಿಚ್ಚಿ ಊದಿ. ಮಣ್ಣು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಆಯಿಲನ್ನು ಲೈನರಿಗೇ ತಳ್ಳುತ್ತಿರುತ್ತದೆ.